ಬಸ್ಸಿನಲ್ಲಿ ಮಾತು ಹುಟ್ಟುವ ಬಗೆ



ಯರಗುಪ್ಪಿಯ ಈ ಸಭೆಗೆ ನಾನು ಆರಿಸಿಕೊಂಡ ವಿಷಯ ಬಸ್ಸಿನ ಪ್ರಯಾಣ. ಒಬ್ಬರಿಗೊಬ್ಬರು ಗುರುತಿಲ್ಲದ ಜನ ಬಸ್ಸಿನೊಳಗೆ ಪರಸ್ಪರ ಹೇಗೆ ನಡೆದುಕೊಳ್ಳುತ್ತಾರೆ ಎಂಬುದು. ಇಲ್ಲಿರುವವರಲ್ಲಿ ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೋಗದವರು ಯಾರೂ ಇರಲಿಕ್ಕಿಲ್ಲ. ದವಾಖಾನೆಗೆ, ಕಾಲೇಜಿಗೆ, ಅಮರಗೋಳದ ಎಪಿಎಂಸಿಗೆ, ಲಗ್ನದ ಅರಿವೆ ತರಲಿಕ್ಕೆ ಹೋಗುತ್ತೇವೆ. ಹೋಗಿಬಂದ ಕೆಲಸ ನೆನಪಿರುತ್ತದೆ, ದಾರಿಯಲ್ಲಿ ಪಕ್ಕ ಕೂತವರು ಮರೆತುಹೋಗುತ್ತಾರೆ. ಆ ಮರೆತುಹೋಗುವ ಹೊತ್ತಿನಲ್ಲಿ ನಾವು ಮನುಷ್ಯರಾಗಿ ಹೇಗಿರುತ್ತೇವೆ ಎಂದು ನೋಡುವುದು ನನಗೆ ಬಹಳ ವರ್ಷಗಳಿಂದ ಬಂದ ರೂಢಿ.

ಜರ್ಮನಿಯಲ್ಲಿ ಗಿಯೋರ್ಗ್ ಸಿಮ್ಮೆಲ್ ಎಂಬ ಸಮಾಜಶಾಸ್ತ್ರಜ್ಞ ಇದ್ದರು. 1908ರಲ್ಲಿ ಬಂದ ಅವರ ದೊಡ್ಡ ಗ್ರಂಥದಲ್ಲಿ ಒಂದು ವಿಚಾರ ಬರುತ್ತದೆ. 19ನೇ ಶತಮಾನದಲ್ಲಿ ಬಸ್ಸು, ರೈಲು, ಟ್ರಾಮ್ ಬರುವ ಮುಂಚೆ, ಮನುಷ್ಯರು ಒಂದು ಮಾತೂ ಆಡದೆ ತಾಸುಗಟ್ಟಲೆ ಒಬ್ಬರ ಮುಖ ಒಬ್ಬರು ನೋಡುತ್ತ ಕೂರುವ ಪ್ರಸಂಗವೇ ಬಂದಿರಲಿಲ್ಲ ಎನ್ನುತ್ತಾರೆ ಅವರು. ಇದನ್ನು ನಮ್ಮ ಕಡೆಗೆ ಹಚ್ಚಿ ನೋಡಿ. ನಮ್ಮ ಅಜ್ಜ-ಮುತ್ತಜ್ಜರು ಚಕ್ಕಡಿ ಹೂಡಿ ಸವದತ್ತಿ ಎಲ್ಲಮ್ಮಗ, ಉಳವಿಗೆ ಹೋದಾಗ ಚಕ್ಕಡಿಯಲ್ಲಿ ಕೂತವರೆಲ್ಲ ಮನೆಯವರು, ಓಣಿಯವರು. ರೈಲು ಬಂತು ನೋಡಿ, ಗುರುತಿಲ್ಲದವರ ಮೊಣಕಾಲಿಗೆ ಮೊಣಕಾಲು ಹಚ್ಚಿ ಕೂರುವ ಕಾಲ ಬಂತು. ಮದುವೆ ಮನೆಯಲ್ಲಿ ಹೇಗಿರಬೇಕು, ಸಾವಿನ ಮನೆಯಲ್ಲಿ ಹೇಗಿರಬೇಕು ಎಂಬುದಕ್ಕೆ ಹಿಂದಿನಿಂದ ಬಂದ ರಿವಾಜಿತ್ತು. ರೈಲಿನ ಡಬ್ಬಿಯಲ್ಲಿ ಹೇಗಿರಬೇಕು ಎಂಬುದಕ್ಕೆ ಯಾವ ರಿವಾಜೂ ಇರಲಿಲ್ಲ. ಜನ ಪ್ರಯಾಣ ಮಾಡುತ್ತಲೇ ಅದನ್ನು ಕಟ್ಟಿಕೊಂಡರು. ಇನ್ನೂ ಕಟ್ಟುತ್ತಿದ್ದಾರೆ.

ನನ್ನ ತಿಳಿವಳಿಕೆ ಇಷ್ಟು. ಗುರುತಿಲ್ಲದವರ ನಡುವೆ ಮಾತು ಹುಟ್ಟಬೇಕಾದರೆ ಒಂದು ನೆಪ ಬೇಕು. ಒಳ್ಳೆಯ ಮನಸ್ಸೊಂದೇ ಇದ್ದರೆ ಸಾಲದು. ಆ ನೆಪ ಯಾವುದು ಎಂಬುದರ ಮೇಲೆ ಮಾತಿನ ಗುಣವೂ ನಿಲ್ಲುತ್ತದೆ.

ಹಳ್ಳಿ ಬಸ್ಸಿನಲ್ಲಿ ನೆಪಗಳಿಗೆ ಬರವಿಲ್ಲ. ಬಸ್ಸು ಇನ್ನೂ ನಿಂತಿರುವುದಿಲ್ಲ, ಕಿಡಕಿಯಿಂದ ಟಾವೆಲ್ ಒಳಗೆ ಬರುತ್ತದೆ. 'ಅಣ್ಣಾ, ಇದನ್ನೊಂದೀಟು ಆ ಸೀಟಿನ ಮ್ಯಾಲ ಇಡ್ರಿ.' ಒಳಗಿದ್ದವನು ಯಾರೋ, ಹೊರಗಿದ್ದವನು ಯಾರೋ. ಆದರೂ ಟಾವೆಲ್ ಹೇಳಿದ ಸೀಟಿನ ಮೇಲೆ ಬೀಳುತ್ತದೆ, ಅದರ ಯಜಮಾನ ಹತ್ತಿ ಬರುವತನಕ ಒಳಗಿದ್ದವನೇ ಆ ಸೀಟು ಕಾಯುತ್ತಾನೆ. ಬಸ್ಸು ತುಂಬಿದ ಮೇಲೆ ನಿಂತವರ ಚೀಲಗಳೆಲ್ಲ ಕೂತವರ ತೊಡೆಯ ಮೇಲೆ ಬರುತ್ತವೆ. ಆಮೇಲೆ ಕೂಸುಗಳು. ಹಡೆದಾಕೆ ಎಲ್ಲೋ ಬಾಗಿಲ ಹತ್ತಿರ ನಿಂತಿರುತ್ತಾಳೆ, ಕೂಸು ನಾಲ್ಕನೇ ಸಾಲಿನ ಯಾವುದೋ ಅಜ್ಜಿಯ ತೊಡೆಯ ಮೇಲೆ ಶೇಂಗಾ ತಿನ್ನುತ್ತಿರುತ್ತದೆ. ಮೂವರ ಸೀಟಿನ ಹತ್ತಿರ ನಾಲ್ಕನೆಯಾಕೆ ಬಂದು ನಿಂತು 'ಯಕ್ಕಾ, ಸ್ವಲ್ಪ ಸರದ ಕುಂದ್ರ್ರಿ' ಅಂದರೆ ಮೂವರೂ ಸರಿಯುತ್ತಾರೆ. ಸರಿಯಲಿಕ್ಕೆ ಜಾಗವಿರುವುದಿಲ್ಲ, ಆದರೂ ಸರಿಯುತ್ತಾರೆ.

ಈ 'ಸರೀರಿ' ಎಂಬ ಮಾತಿನ ಬೆಲೆ ನನಗೆ ತಿಳಿದದ್ದು ಸ್ಟ್ಯಾನ್ಲಿ ಮಿಲ್‌ಗ್ರಾಂ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞನ ಒಂದು ಪ್ರಯೋಗ ಓದಿದಾಗ. 1970ರ ದಶಕದಲ್ಲಿ ಅವರು ನ್ಯೂಯಾರ್ಕಿನ ಸುರಂಗ ರೈಲಿಗೆ ತಮ್ಮ ವಿದ್ಯಾರ್ಥಿಗಳನ್ನು ಕಳಿಸಿದರು. ಕೂತವರ ಹತ್ತಿರ ಹೋಗಿ, ಯಾವ ಕಾರಣವನ್ನೂ ಹೇಳದೆ, ನಿಮ್ಮ ಸೀಟು ನನಗೆ ಕೊಡುತ್ತೀರಾ ಎಂದು ಕೇಳಬೇಕು, ಅಷ್ಟೇ ಕೆಲಸ. ಕೇಳಿಸಿಕೊಂಡವರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಜನ ಎದ್ದರು ಇಲ್ಲವೆ ಸರಿದು ಜಾಗ ಮಾಡಿಕೊಟ್ಟರು. ತೊಂದರೆಯಾದದ್ದು ಕೇಳಿದವರಿಗೆ. ವಿದ್ಯಾರ್ಥಿಗಳು ಬೆವತುಹೋದರು. ಮಿಲ್‌ಗ್ರಾಂ ಸ್ವತಃ ಕೇಳಲಿಕ್ಕೆ ಹೋದಾಗ ಮಾತು ಗಂಟಲಲ್ಲೇ ಸಿಕ್ಕಿಕೊಂಡಿತು. ಕೊಡುವವರು ಸಿದ್ಧರಿದ್ದಾರೆ, ಕೇಳುವವರಿಗೆ ಬಾಯಿ ಬರುವುದಿಲ್ಲ. ನಮ್ಮ ಹಳ್ಳಿ ಹೆಣ್ಣುಮಕ್ಕಳು ದಿನಾ ಬೆಳಿಗ್ಗೆ ತಲೆಯ ಮೇಲಿನ ಬುಟ್ಟಿ ಇಳಿಸುವ ಮೊದಲೇ ಮುಗಿಸಿಬಿಡುವ ಕೆಲಸ ಅಷ್ಟು ದೊಡ್ಡ ಊರಿನ ಅಷ್ಟು ದೊಡ್ಡ ಪ್ರಾಧ್ಯಾಪಕರಿಗೆ ಕಠಿಣವಾಯಿತು. 'ಯಕ್ಕಾ' ಅನ್ನುವ ಒಂದು ಕರೆ ಇಲ್ಲಿ ಆ ಕಷ್ಟವನ್ನು ಕಳೆಯುತ್ತದೆ. ಕೇಳುವ ಮುಂಚೆ ನಂಟು ಹಚ್ಚಿಬಿಡುತ್ತೇವೆ.

ಹಿಂದೆ ಬಸ್ಸಿನಲ್ಲಿ ಪೇಟೆಯ ದರವೂ ಓಡಾಡುತ್ತಿತ್ತು. ಮೆಣಸಿನಕಾಯಿ ಮಾದರಿಯನ್ನು ಟಾವೆಲಿನಲ್ಲಿ ಗಂಟು ಕಟ್ಟಿ ಒಯ್ಯುವವನನ್ನು ಕಂಡರೆ ಹುಬ್ಬಳ್ಳಿಯಿಂದ ತಿರುಗಿ ಬಂದವನು ತಾನಾಗಿ ಕರೆದು ಇವತ್ತು ಏನು ಧಾರಣಿ ನಡೆದಿದೆ ಎಂದು ಹೇಳುತ್ತಿದ್ದ. ಈಗ ಅದು ಫೋನಿನಲ್ಲಿ ಬರುತ್ತದೆ, ಆ ನೆಪ ಹೋಯಿತು.

ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ಚಿಲ್ಲರೆ ಎಂಬ ನೆಪದ ಹತ್ತಿರ. ಕಂಡಕ್ಟರ್ ಹತ್ತಿರ ಚಿಲ್ಲರೆ ಇಲ್ಲದಿದ್ದರೆ ಟಿಕೆಟಿನ ಹಿಂದೆ ಬಾಕಿ ಬರೆದುಕೊಡುತ್ತಾರೆ. ಇಳಿಯುವಾಗಲೂ ಚಿಲ್ಲರೆ ಕೂಡದಿದ್ದರೆ ಇಬ್ಬರು ಪ್ರಯಾಣಿಕರನ್ನು ಕರೆದು ಒಬ್ಬರ ಕೈಯಲ್ಲಿ ನೋಟು ಇಟ್ಟು, 'ಇಬ್ರೂ ಕೂಡಿ ಹಂಚಿಕೋರಿ' ಎಂದು ಹೇಳಿ ಸೀಟಿ ಊದಿಬಿಡುತ್ತಾರೆ. ಹುಬ್ಬಳ್ಳಿಯ ಸಿಬಿಟಿ ಬಸ್ ನಿಲ್ದಾಣದಲ್ಲಿ ನಾನು ಕಂಡ ಒಂದು ಜೋಡಿಯನ್ನು ಹೇಳುತ್ತೇನೆ. ಒಬ್ಬರು ಧೋತರ ಉಟ್ಟ ಮುದುಕರು, ಇನ್ನೊಬ್ಬಾಕೆ ಕಾಲೇಜಿನ ಹುಡುಗಿ. ಹೆಣ್ಣುಮಕ್ಕಳಿಗೆ ಬಸ್ಸು ಉಚಿತ ಮಾಡಿದ ಶಕ್ತಿ ಯೋಜನೆಗೆ ಮುಂಚಿನ ಕಾಲ ಅದು, ಆಗ ಹುಡುಗಿಯರೂ ರೊಕ್ಕ ಕೊಟ್ಟು ಟಿಕೆಟ್ ತೆಗೆಸುತ್ತಿದ್ದರು. ನೂರು ರೂಪಾಯಿ ನೋಟು ಮುದುಕರ ಕೈಯಲ್ಲಿತ್ತು, ಅದರಲ್ಲಿ ಹೆಚ್ಚಿನ ಪಾಲು ಹುಡುಗಿಯದು. ಆಕೆ ಅವರ ಬೆನ್ನಿಗೇ ಇಳಿದಳು. ತಪ್ಪಿಸಿಕೊಂಡು ಹೋದಾರು ಎಂಬ ಅನುಮಾನ ಆಕೆಯ ಮುಖದಲ್ಲಿತ್ತು, ಆ ಅನುಮಾನ ಮುದುಕರಿಗೂ ಗೊತ್ತಾಗಿತ್ತು. ಹಾಗಾಗಿ ಅವರು ನೋಟನ್ನು ಕಿಸೆಗೆ ಇಳಿಸದೆ, ಎಲ್ಲರಿಗೂ ಕಾಣುವ ಹಾಗೆ ಎರಡು ಬೆರಳಲ್ಲಿ ಹಿಡಿದು ನಡೆದರು. ಮೊದಲನೇ ಅಂಗಡಿಯವ ಚಿಲ್ಲರೆ ಇಲ್ಲ ಅಂದ. ಎರಡನೆಯವ ಏನಾದರೂ ತಗೋರಿ ಅಂದ. ಮುದುಕರು ಎಲೆ-ಅಡಿಕೆ ತಗೊಂಡರು. ಬಂದ ಚಿಲ್ಲರೆಯನ್ನು ಅಂಗೈಯಲ್ಲಿ ಹರವಿ ಹುಡುಗಿಯ ಮುಂದೆ ಹಿಡಿದು 'ನಿಂದು ನೀನ ತಗೋವಾ, ನನಗ ಕಣ್ಣು ಸರಿಯಾಗಿ ಕಾಣಂಗಿಲ್ಲ' ಅಂದರು. ಆಕೆ ತನ್ನದನ್ನಷ್ಟೇ ಎಣಿಸಿ ತೆಗೆದುಕೊಂಡಳು. ಆಮೇಲೆ ಯಾರೂ ಕೇಳದೆ ಅವರ ಚೀಲ ತಾನು ಎತ್ತಿಕೊಂಡು ಅವರು ಹತ್ತಬೇಕಾದ ಬಸ್ಸಿನ ಬೋರ್ಡು ಓದಿ ತೋರಿಸಿದಳು.

ಇದರಲ್ಲಿ ಯಾರೂ ಯಾರ ಹೆಸರೂ ಕೇಳಲಿಲ್ಲ. ಊರು ಕೇಳಲಿಲ್ಲ. ಯಾರ ಪೈಕಿ ಎಂದು ಕೇಳಲಿಲ್ಲ. ನಾನು ಈ ಪ್ರಸಂಗವನ್ನು ಇಷ್ಟು ಮೆಚ್ಚಲಿಕ್ಕೆ ಕಾರಣ ಅದೇ.

ಏಕೆಂದರೆ ನಮ್ಮಲ್ಲಿ ಮಾತು ಹುಟ್ಟಲಿಕ್ಕೆ ಇನ್ನೊಂದು ನೆಪವಿದೆ. 'ಯಾವೂರ್ರೀ ನಿಮ್ದು?' ಕೇಳುವವರಲ್ಲಿ ಕೆಟ್ಟದ್ದು ಇರುವುದಿಲ್ಲ. ಊರು ಹೇಳಿದರೆ ಅಲ್ಲಿ ತಮ್ಮ ಬೀಗರಿದ್ದಾರೆ ಅನ್ನುತ್ತಾರೆ, ಹಾಗೆ ಹರಟೆ ಬೆಳೆಯುತ್ತದೆ. ಆದರೆ ಮೂರನೆಯದೋ ನಾಲ್ಕನೆಯದೋ ಪ್ರಶ್ನೆಗೆ ಮಾತು 'ಯಾರ ಪೈಕಿ?' ಎಂಬಲ್ಲಿಗೆ ಬರುತ್ತದೆ. ಉತ್ತರ ಕೇಳಿದ ಮೇಲೆ ಕೆಲವು ಸಲ ಹರಟೆ ಇನ್ನೂ ಬಿಸಿಯೇರುತ್ತದೆ, ಕೆಲವು ಸಲ ಅಲ್ಲಿಗೇ ತಣ್ಣಗಾಗುತ್ತದೆ. ತಣ್ಣಗಾದದ್ದನ್ನು ಅನುಭವಿಸಿದವರು ಈ ಸಭೆಯಲ್ಲೂ ಇದ್ದೀರಿ, ಅವರಿಗೆ ನಾನು ವಿವರಿಸಿ ಹೇಳಬೇಕಾಗಿಲ್ಲ.

ಇದರ ಬಗ್ಗೆ ಬರೆದಿಟ್ಟ ಸಾಕ್ಷಿಗಳಲ್ಲಿ ನನ್ನನ್ನು ಬಹಳ ಕಾಡಿದ್ದು ಡಾ. ಅಂಬೇಡ್ಕರ್ ಅವರದು. ಇಸವಿ 1901. ಬಾಲಕ ಭೀಮರಾವ್, ಅವರ ಅಣ್ಣ, ಅಕ್ಕನ ಮಕ್ಕಳು ಸೇರಿ ಸಾತಾರೆಯಿಂದ ತಂದೆ ಕೆಲಸ ಮಾಡುತ್ತಿದ್ದ ಊರಿಗೆ ರೈಲಿನಲ್ಲಿ ಹೊರಟರು. ಮಸೂರು ಸ್ಟೇಷನ್ನಿನಲ್ಲಿ ಇಳಿದರು. ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಚೆಂದದ ಬಟ್ಟೆ ತೊಟ್ಟ ಮಕ್ಕಳನ್ನು ಕಂಡು ಸ್ಟೇಷನ್ ಮಾಸ್ತರರು ಕಳಕಳಿಯಿಂದಲೇ ಹತ್ತಿರ ಬಂದು ನೀವು ಯಾರು ಎಂದು ವಿಚಾರಿಸಿದರು. ಮಕ್ಕಳು ತಾವು ಮಹಾರ ಜಾತಿಯವರೆಂದು ಇದ್ದದ್ದು ಹೇಳಿದರು. ಮಾಸ್ತರರ ಮುಖ ಬದಲಾಯಿತು, ಅವರು ತಿರುಗಿ ತಮ್ಮ ಕೋಣೆಗೆ ಹೋಗಿಬಿಟ್ಟರು. ಬಾಡಿಗೆ ಬಂಡಿಯವರು ಯಾರೂ ಒಪ್ಪಲಿಲ್ಲ. ಕೊನೆಗೆ ಇಮ್ಮಡಿ ಬಾಡಿಗೆ ಕೊಟ್ಟು, ಬಂಡಿಯನ್ನು ಮಕ್ಕಳೇ ಹೊಡೆದುಕೊಂಡು, ಬಂಡಿಯವ ಪಕ್ಕದಲ್ಲಿ ನಡೆದು ಬರುವುದೆಂದು ಒಪ್ಪಂದವಾಯಿತು. ಮುಂದೆ 'ವೇಟಿಂಗ್ ಫಾರ್ ಎ ವೀಸಾ' ಎಂಬ ಬರಹದಲ್ಲಿ ಅವರೇ ಇದನ್ನು ದಾಖಲಿಸಿದ್ದಾರೆ.

ಮಸೂರು ಎಲ್ಲೋ ದೂರದ ಊರು ಅಂದುಕೊಳ್ಳಬೇಡಿ. ಆ ಹಳಿ ನಮ್ಮದೇ ಸದರ್ನ್ ಮರಾಠಾ ರೈಲ್ವೆಯದು. ಅದರ ಕೇಂದ್ರ ಕಚೇರಿ ಧಾರವಾಡದಲ್ಲಿ, ಇವತ್ತು ಕರ್ನಾಟಕ ಕಾಲೇಜು ನಡೆಯುತ್ತಿರುವ ಕಟ್ಟಡದಲ್ಲಿತ್ತು. ಡಬ್ಬಿಯೊಳಗೆ ಆ ಮಕ್ಕಳು ಎಲ್ಲರ ಹಾಗೆ ಪ್ರಯಾಣಿಕರಾಗಿದ್ದರು, ಯಾರು ನೀವು ಎಂದು ಕೇಳುವವರು ಬಂದಾಗ ಎಲ್ಲವೂ ತಲೆಕೆಳಗಾಯಿತು. ಬಂಡಿಯವನಿಗೆ ಅವರ ರೊಕ್ಕ ಬೇಕಾಗಿತ್ತು, ಪಕ್ಕದಲ್ಲಿ ಅವರು ಕೂರುವುದು ಬೇಡವಾಗಿತ್ತು.

ಇವತ್ತು ತುಂಬಿದ ಬಸ್ಸಿನಲ್ಲಿ ಹಿಂದಿನ ಬಾಗಿಲಿನಿಂದ ಹತ್ತಿದವನ ನೋಟು ಐದಾರು ಜನರ ಕೈ ದಾಟಿ ಕಂಡಕ್ಟರ್‌ಗೆ ಮುಟ್ಟುತ್ತದೆ, ಟಿಕೆಟು ಚಿಲ್ಲರೆ ಸಮೇತ ಅದೇ ಕೈಗಳಿಂದ ತಿರುಗಿ ಬರುತ್ತದೆ. ಆ ಕೈಗಳ ಜಾತಿ ಯಾರಿಗೂ ಗೊತ್ತಿರುವುದಿಲ್ಲ, ಗೊತ್ತು ಮಾಡಿಕೊಳ್ಳಲಿಕ್ಕೆ ಹೊತ್ತೂ ಇರುವುದಿಲ್ಲ. ಒಂದು ಮಾತು ಮುಚ್ಚಿಡದೆ ಹೇಳಬೇಕು. ಹಳ್ಳಿಯಿಂದ ಬಸ್ಸು ಹೊರಡುವಾಗ ಎಲ್ಲರಿಗೂ ಎಲ್ಲರೂ ಗೊತ್ತು, ಆದ್ದರಿಂದ ಊರಿನ ಕಟ್ಟುಪಾಡೂ ಬಸ್ಸು ಹತ್ತುತ್ತದೆ. ಯಾರನ್ನು ಕಂಡು ಯಾರು ಎದ್ದು ನಿಲ್ಲುತ್ತಾರೆ, ಯಾರು ಹಿಂದಿನ ಸೀಟಿಗೆ ತಾವಾಗಿ ಹೋಗುತ್ತಾರೆ ಎಂದು ಗಮನಿಸಿ ನೋಡಿ. ದಾರಿಯುದ್ದಕ್ಕೂ ಬೇರೆ ಬೇರೆ ಊರಿನವರು ಹತ್ತಿ ಮುಖಗಳು ಕಲೆಸಿಹೋದ ಹಾಗೆ ಆ ಬಿಗಿ ಸಡಿಲುತ್ತದೆ. ಅದೇ ಸೀಟು, ಅದೇ ಜನ, ಹುಬ್ಬಳ್ಳಿ ಹತ್ತಿರವಾದಂತೆ ಬೇರೆ ಬಸ್ಸು ಆಗಿರುತ್ತದೆ.

ಗುರುತಿಲ್ಲದವರ ಒಳ್ಳೆಯತನದ ಕಥೆಯೂ ನಮ್ಮ ಹತ್ತಿರವೇ ಇದೆ. ನಮ್ಮ ಕುಂದಗೋಳದ ಹೆಸರು ನಾಡಿಗೆಲ್ಲ ಗೊತ್ತಿರುವುದು ಸಂಗೀತದಿಂದ. ಆ ಸಂಗೀತದ ಕಥೆಯಲ್ಲಿ ರೈಲು ಬಹಳ ಬರುತ್ತದೆ. ಭೀಮಸೇನ ಜೋಶಿಯವರು 1933ರಲ್ಲಿ, ಹನ್ನೊಂದು ವರ್ಷದ ಹುಡುಗನಿದ್ದಾಗ, ಗುರುವನ್ನು ಹುಡುಕುತ್ತ ಮನೆ ಬಿಟ್ಟರು. ಕಿಸೆಯಲ್ಲಿ ಟಿಕೆಟಿಗೆ ರೊಕ್ಕವಿರಲಿಲ್ಲ. ರೈಲಿನಲ್ಲಿ ಹಾಡುತ್ತ, ಪ್ರಯಾಣಿಕರನ್ನೂ ಟಿಕೆಟ್ ತಪಾಸಣೆಯವರನ್ನೂ ಒಲಿಸಿಕೊಳ್ಳುತ್ತ, ಪುಣೆ, ಗ್ವಾಲಿಯರ್ ಎಂದು ಜಲಂಧರದವರೆಗೆ ಹೋದರು. ಕೊನೆಗೆ ಗುರು ಸಿಕ್ಕಿದ್ದು ಇಲ್ಲೇ ನಮ್ಮ ಕುಂದಗೋಳದಲ್ಲಿ, ಸವಾಯಿ ಗಂಧರ್ವರಲ್ಲಿ. ಆ ಹುಡುಗನಿಗೆ ಅನ್ನ ಕೊಟ್ಟವರು, ಇಳಿಸದೆ ಬಿಟ್ಟವರು ಯಾರು ಎಂದು ಯಾರೂ ಬರೆದಿಟ್ಟಿಲ್ಲ. ಅವರೂ ಮುಂದಿನ ಸ್ಟೇಷನ್ನಿಗೆ ಇಳಿದು ತಮ್ಮ ತಮ್ಮ ಮನೆಗೆ ಹೋದರು. ಅವರೊಳಗೆ ನಾಲ್ಕು ಮಂದಿ ಬೇರೆ ರೀತಿ ನಡೆದುಕೊಂಡಿದ್ದರೆ ಹಿಂದೂಸ್ತಾನಿ ಸಂಗೀತದ ಚರಿತ್ರೆ ಬೇರೆಯಾಗುತ್ತಿತ್ತು ಎಂದು ನಾನು ನಂಬಿದ್ದೇನೆ.

ಗಂಗೂಬಾಯಿ ಹಾನಗಲ್ಲರದು ಇನ್ನೊಂದು ರೈಲು. 1930ರ ದಶಕದ ಕೊನೆಯಲ್ಲಿ ಅವರು ಪಾಠಕ್ಕಾಗಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಬಂದುಹೋಗುತ್ತಿದ್ದರು. ಹಾಡುವ ಹೆಣ್ಣು ಎಂದು ಜನ ಆಡಿಕೊಂಡದ್ದನ್ನು ಅವರೇ ಹೇಳಿದ್ದಾರೆ. ಅಂಥ ಕಾಲದಲ್ಲಿ ಒಬ್ಬ ಹೆಣ್ಣುಮಗಳು ಕಲಿಯಲಿಕ್ಕೆಂದು ಗುರುತಿಲ್ಲದವರ ನಡುವೆ ಕೂತು ಪ್ರಯಾಣ ಮಾಡುವುದು ಎಷ್ಟು ಗಟ್ಟಿತನ ಬೇಡಿತ್ತು ಎಂಬುದನ್ನು ಇವತ್ತು ಬಸ್ಸು ಹತ್ತಿ ಹುಬ್ಬಳ್ಳಿ ಕಾಲೇಜಿಗೆ ಹೋಗುವ ಹುಡುಗಿಯರು ಬೇಗ ತಿಳಿದುಕೊಳ್ಳುತ್ತಾರೆ. ಅವರಿಗೆ ಪಕ್ಕದವರ ಮಾತಿಗಿಂತ ಪಕ್ಕದವರ ಮೌನ ಹೆಚ್ಚು ಬೇಕಾಗಿರುತ್ತದೆ.

ಈ ಮೌನವನ್ನು ನೋಡಬೇಕಾದರೆ ಚಿಗರಿ ಬಸ್ಸು ಹತ್ತಬೇಕು. ಹುಬ್ಬಳ್ಳಿ-ಧಾರವಾಡ ನಡುವೆ ಸುಮಾರು 22 ಕಿಲೋಮೀಟರ್, ಅದಕ್ಕೇ ಮೀಸಲಾದ ದಾರಿ. 2018ರ ಅಕ್ಟೋಬರ್ 2ರಂದು ಓಡಾಟ ಶುರುವಾಯಿತು, 2020ರ ಫೆಬ್ರವರಿಯಲ್ಲಿ ವಿಧ್ಯುಕ್ತ ಉದ್ಘಾಟನೆಯಾಯಿತು. ಟಿಕೆಟನ್ನು ಸ್ಟೇಷನ್ನಿನಲ್ಲೇ ತೆಗೆಸಬೇಕು, ಗೇಟಿಗೆ ತೋರಿಸಿ ಒಳಗೆ ಹೋಗಬೇಕು. ಬಾಗಿಲು ತಾನೇ ತೆರೆಯುತ್ತದೆ, ತಾನೇ ಮುಚ್ಚುತ್ತದೆ. ಮುಂದಿನ ನಿಲ್ದಾಣದ ಹೆಸರನ್ನು ಧ್ವನಿವರ್ಧಕ ಹೇಳುತ್ತದೆ. ಒಳಗೆ ಕಂಡಕ್ಟರ್ ಇಲ್ಲ, ಚಿಲ್ಲರೆ ಇಲ್ಲ, ತೆರೆಯುವ ಕಿಡಕಿ ಇಲ್ಲದ್ದರಿಂದ ಟಾವೆಲ್ಲೂ ಇಲ್ಲ. ಉಣಕಲ್, ನವನಗರ, ರಾಯಾಪುರ ದಾಟುತ್ತವೆ, ಯಾರ ಬಾಯಲ್ಲೂ ಮಾತಿಲ್ಲ. ಬೇಂದ್ರೆ ಸಾರಿಗೆಯ ಬಸ್ಸುಗಳಲ್ಲಿ ಇದೇ ದಾರಿಯಲ್ಲಿ ಓಡಾಡಿದವರಿಗೆ ಆ ಗದ್ದಲ ನೆನಪಿದ್ದೀತು.

ಪೇಟೆಯ ಜನ ಸೊಕ್ಕಿನವರು, ಒಬ್ಬರನ್ನೊಬ್ಬರು ಮಾತಾಡಿಸುವುದಿಲ್ಲ ಎಂದು ನಮ್ಮಲ್ಲಿ ಹಿರಿಯರು ಹೇಳುವುದುಂಟು. ನನಗೆ ಹಾಗೆ ಅನ್ನಿಸುವುದಿಲ್ಲ. ಚಿಗರಿಯಲ್ಲಿ ತುಟಿ ಬಿಚ್ಚದೆ ಕೂತ ಅದೇ ಹೆಣ್ಣುಮಗಳು ಹೊಸ ಬಸ್‌ಸ್ಟ್ಯಾಂಡಿಗೆ ಬಂದು ಹಳ್ಳಿ ಬಸ್ಸು ಹತ್ತಿದ ಕೂಡಲೇ 'ಸ್ವಲ್ಪ ಸರೀರಿ' ಅನ್ನುತ್ತಾಳೆ. ಮನುಷ್ಯಳು ಬದಲಾಗಿಲ್ಲ, ನೆಪಗಳು ಬದಲಾಗಿವೆ. ಇನ್ನೊಂದು ಸಂಗತಿಯೂ ಉಂಟು. ಎರ್ವಿಂಗ್ ಗಾಫ್ಮನ್ ಎಂಬ ಸಮಾಜಶಾಸ್ತ್ರಜ್ಞರು 1963ರಲ್ಲಿ ಬಂದ ಪುಸ್ತಕವೊಂದರಲ್ಲಿ ಈ ಮೌನದ ಒಳಗಿನ ಸೌಜನ್ಯವನ್ನು ತೋರಿಸಿದರು. ನಗರದಲ್ಲಿ ಒಬ್ಬರು ಎದುರಾದಾಗ ಇನ್ನೊಬ್ಬರು ಒಂದು ಕ್ಷಣ ನೋಡುತ್ತಾರೆ, ನೀವು ಇರುವುದು ನನಗೆ ಕಂಡಿತು ಎಂದು ಒಪ್ಪಿಕೊಂಡ ಹಾಗೆ. ಕೂಡಲೇ ಕಣ್ಣು ಬೇರೆ ಕಡೆ ತಿರುಗಿಸುತ್ತಾರೆ, ನಿಮ್ಮ ಪಾಡಿಗೆ ನೀವಿರಿ, ನನ್ನಿಂದ ನಿಮಗೆ ಭಯವಿಲ್ಲ ಎಂದು ಹೇಳಿದ ಹಾಗೆ. ಯಾರ ಮಗಳು, ಯಾಕೆ ಇಷ್ಟು ಹೊತ್ತಾಯಿತು, ಲಗ್ನ ಆಗಿದೆಯೋ ಇಲ್ಲವೋ ಎಂದು ಕೇಳದ 22 ಕಿಲೋಮೀಟರ್ ಒಬ್ಬ ಹುಡುಗಿಗೆ ದೊಡ್ಡ ಬಿಡುಗಡೆ. ಮಸೂರಿನ ಸ್ಟೇಷನ್ ಮಾಸ್ತರರೂ ಆ ಪ್ರಶ್ನೆಯನ್ನು ಕೇಳದೆಯೇ ಬಂಡಿ ಮಾಡಿಕೊಟ್ಟಿದ್ದರೆ ಆ ಮಕ್ಕಳು ಹೊತ್ತಿಗೆ ಮನೆ ಸೇರುತ್ತಿದ್ದರು.

ಮೌನವಿದ್ದರೂ ನಂಟು ಬೆಳೆಯುತ್ತದೆ ಎಂದು ತೋರಿಸಿದವರೂ ಮಿಲ್‌ಗ್ರಾಂ ಅವರೇ. 1972ರಲ್ಲಿ ಅವರು ದಿನಾ ಒಂದೇ ಪ್ಲಾಟ್‌ಫಾರ್ಮಿನಲ್ಲಿ ನಿಲ್ಲುವ, ಎಂದೂ ಮಾತಾಡದ ಜನರ ಬಗ್ಗೆ ಬರೆದರು. ಮುಖ ಗೊತ್ತು, ಹೆಸರು ಗೊತ್ತಿಲ್ಲ. ಬ್ರೂಕ್ಲಿನ್‌ನಲ್ಲಿ ಒಬ್ಬಾಕೆ ಬೀದಿಯಲ್ಲಿ ಕುಸಿದುಬಿದ್ದಾಗ ಓಡಿಬಂದು ಆಂಬುಲೆನ್ಸ್ ಕರೆಸಿ ಜೊತೆಗೆ ಆಸ್ಪತ್ರೆಯತನಕ ಹೋದಾಕೆ, 17 ವರ್ಷ ಆಕೆಯನ್ನು ಬರೀ ನೋಡಿ ಬಲ್ಲವಳಾಗಿದ್ದಳಂತೆ. ಬೆಳಗಿನ ಬಸ್ಸಿನ ಪಾಸಿನ ಮಂದಿಯನ್ನು ಕೇಳಿ, ಅವರಿಗೂ ಇಂಥ ನಾಲ್ಕು ಮುಖಗಳು ಇರುತ್ತವೆ. ಒಂದು ದಿನ ಬರದಿದ್ದರೆ ಯಾಕೆ ಬರಲಿಲ್ಲ ಎಂದು ಮನಸ್ಸು ಕೇಳುತ್ತದೆ. ಅಂಥ ಇಬ್ಬರು ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಎದುರಾದರೆ ಮಾತಾಡದೆ ಇರುವುದಿಲ್ಲ. ದೂರ ಹೋದಷ್ಟು ಮುಖದ ಗುರುತಿಗೆ ಬೆಲೆ ಹೆಚ್ಚುತ್ತದೆ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿದೆ. ಹೆಣ್ಣುಮಕ್ಕಳು ರೊಕ್ಕ ಕೊಡುವುದಿಲ್ಲ, ಶೂನ್ಯ ಟಿಕೆಟ್ ಪಡೆಯುತ್ತಾರೆ. ಅವರಿಗೆ ಚಿಲ್ಲರೆಯ ನೆಪ ಹೋಯಿತು, ಆಧಾರ್ ಕಾರ್ಡಿನ ನೆಪ ಬಂತು. 'ಯವ್ವಾ, ಇದರಾಗ ನಂದು ಯಾವುದು ನೋಡು' ಎಂದು ಮೂರು ಕಾರ್ಡು ಪಕ್ಕದ ಹುಡುಗಿಯ ಕೈಗೆ ಕೊಡುವ ಅಜ್ಜಿಯರನ್ನು ನಾನು ಕಂಡಿದ್ದೇನೆ. ಎಂದೂ ಒಬ್ಬರೇ ಬಸ್ಸು ಹತ್ತದಿದ್ದವರು ಈಗ ಹತ್ತುತ್ತಿದ್ದಾರೆ, ದಾರಿ ಕೇಳುತ್ತಿದ್ದಾರೆ, ದಾರಿ ಹೇಳುತ್ತಿದ್ದಾರೆ. ಗದ್ದಲವೂ ಹೆಚ್ಚಿದೆ, ಸೀಟಿಗಾಗಿ ಜಗಳವೂ ಆಗುತ್ತದೆ. ನನಗೆ ನೋವಾಗುವುದು ಆ ಜಗಳದಿಂದಲ್ಲ. ಜಗಳ ಶುರುವಾದ ಕೂಡಲೇ ನಾಲ್ಕು ಫೋನು ಮೇಲೇಳುತ್ತವೆ, ಸಂಜೆಯೊಳಗೆ ಆ ಹೆಣ್ಣುಮಕ್ಕಳ ಮುಖ ಊರೂರು ತಿರುಗುತ್ತದೆ. ನೋಡುವುದಕ್ಕೂ ಒಂದು ಮರ್ಯಾದೆ ಇದೆ. ಬಸ್ಸಿನಲ್ಲಿ ಕಂಡವರು ತಮ್ಮ ಮುಖವನ್ನು ನಮಗೆ ಆ ಹೊತ್ತಿಗೆ ಮಾತ್ರ ಒಪ್ಪಿಸಿರುತ್ತಾರೆ. ಅದಕ್ಕೇ ನಾನು ಹೇಳಿದ ಮುದುಕರ ಊರಾಗಲಿ ಹುಡುಗಿಯ ಕಾಲೇಜಾಗಲಿ ನಾನು ತಿಳಿಯಲು ಹೋಗಲಿಲ್ಲ. ಫೋನು ಎತ್ತಿದ ನಾಲ್ವರಲ್ಲಿ ಒಬ್ಬರಾದರೂ ಎದ್ದು ತಮ್ಮ ಸೀಟು ಬಿಟ್ಟುಕೊಟ್ಟಿದ್ದರೆ ಜಗಳ ಅಲ್ಲೇ ಮುಗಿಯುತ್ತಿತ್ತು.

ಈ ಊರಲ್ಲಿ ಡ್ರೈವರ್, ಕಂಡಕ್ಟರ್ ಕೆಲಸ ಮಾಡಿದವರು, ಮಾಡುತ್ತಿರುವವರು ಇದ್ದರೆ ಅವರಲ್ಲಿ ನನ್ನದೊಂದು ವಿನಂತಿ. ನಾನು ಪ್ರಯಾಣಿಕನಾಗಿ ಪಕ್ಕದ ಎರಡು ಸೀಟು ನೋಡಿದವನು. ನೀವು ಮುಂದಿನ ಬಾಗಿಲಿನಿಂದ ಹಿಂದಿನ ಬಾಗಿಲಿನವರೆಗೆ ಇಡೀ ಬಸ್ಸನ್ನು ದಿನಕ್ಕೆ ಹತ್ತಾರು ಸಲ ದಾಟಿದವರು. ಯಾವ ಇಬ್ಬರ ಕೈಗೆ ಒಂದೇ ನೋಟು ಕೊಡಬಹುದು, ಯಾವ ಇಬ್ಬರಿಗೆ ಕೊಡಬಾರದು ಎಂದು ಮುಖ ನೋಡಿ ಹೇಗೆ ತೀರ್ಮಾನಿಸುತ್ತೀರಿ? ಇಲ್ಲಿ ಮೈಕ್ ಇದೆ, ದಯವಿಟ್ಟು ಮುಂದೆ ಬನ್ನಿ.